ಹಲಗೆಯ ಮೇಲೆ ಇಬ್ಬರು

"ನಿಲ್ಲಿ! ಅಲ್ಲಿ ಕಾಲಿಡ್ಬೇಡಿ!"

ಮೇಲಿನಿಂದ ಕೂಗು ಬಂದಾಗ ಅವಳು ಅಂಗಳದಲ್ಲಿ, ಬಿಚ್ಚಿಟ್ಟ ಟೈರಿನ ಮೇಲೆ ಹಲಗೆಯಿಟ್ಟು ಹತ್ತುವುದರಲ್ಲಿದ್ದಳು. ತಲೆಯೆತ್ತಿದಳು. ಮಹಡಿ ಮನೆಯ ಗಣಿತದ ಮೇಷ್ಟ್ರು! ಬಾಡಿಗೆಗೆ ಬಂದಾಗಿನಿಂದ ಮೆಟ್ಟಿಲಲ್ಲಿ ಎದುರಾದರೂ ತಲೆತಗ್ಗಿಸಿ ಹೋಗುವ ಮನುಷ್ಯ ಇವತ್ತು ಕಂಬಿ ಹಿಡಿದು ಅರಚುತ್ತಿದ್ದ.

"ಯಾಕ್ರೀ? ಹೆಂಗಸರು ಮುಟ್ಟಿದ್ರೆ ಟೈರ್ ಮೈಲಿಗೆ ಆಗುತ್ತಾ?"

"ಅಲ್ಲ... ಅದು..."

"ನಿಮ್ಮ ಪಾಠ ಮಕ್ಕಳಿಗೆ ಇಟ್ಕೊಳ್ಳಿ!"

ಅವನು ಒಳಗೆ ಹೋದ.

ಅವಳ ಸಿಟ್ಟಿಗೆ ಕಾರಣವಿತ್ತು. ಅವಳು ಫಿಸಿಯೋಥೆರಪಿಸ್ಟ್. ಹಾಸಿಗೆ ಹಿಡಿದವರ ಮನೆಮನೆಗೂ ಹೋಗಿ, ಕೈಹಿಡಿದು ನಡೆಸುವವಳು. ಆ ಕೆಲಸಕ್ಕೆಂದೇ ಸ್ವಂತ ದುಡಿಮೆಯಲ್ಲಿ ಕಾರು ತಗೊಂಡಿದ್ದಳು. 'ಮದುವೆ ಆದ್ಮೇಲೆ ಈ ತಿರುಗಾಟ ಎಲ್ಲ ಬೇಡ' ಎಂದ ಗಂಡನ್ನು, ನಿಶ್ಚಯವಾದ ಮೇಲೂ ಬೇಡವೆಂದು ವಾಪಸ್ಸು ಕಳಿಸಿದ್ದಳು. ಅಂದಿನಿಂದ ಅಣ್ಣನಿಗೆ ಆ ಕಾರು ಕಣ್ಣಿಗೆ ಬಿದ್ದ ಕಸ!

ಈಗ ಟೈರಿನಲ್ಲಿ ಗಾಳಿ ಕಡಿಮೆಯಾದರೆ ದೀಪ ಹೊತ್ತಿಸುವ ಪ್ರೆಶರ್ ಸೆನ್ಸರ್ ಕೆಟ್ಟಿತ್ತು. ಗಾಳಿ ಸರಿಯಿದ್ದರೂ ಹಳದಿ ದೀಪ ಆರುತ್ತಿರಲಿಲ್ಲ. ಅಣ್ಣನಿಗೆ ಅಷ್ಟೇ ಸಾಕಾಯಿತು.

"ಸಂಜೆಯೊಳಗೆ ದೀಪ ಆರ್ಲಿಲ್ಲ ಅಂದ್ರೆ ಕೀ ನನ್ನ ಕೈಗೆ ಕೊಡು ಪುಟ್ಟಿ. ಮಾರಿಬಿಡೋಣ."

'ನೋಡೇ ಬಿಡೋಣ!' ಎಂದುಕೊಂಡು ಹೊಸ ಸೆನ್ಸರ್ ತಂದಿದ್ದಳು. ಜಾಕ್ ಏರಿಸಿ, ಚಕ್ರ ಬಿಚ್ಚಿ, ಗಾಳಿ ತೆಗೆದಿದ್ದಳು. ಇನ್ನು ಹಲಗೆಯನ್ನು ತುಳಿದು ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಬೇಕಿತ್ತು.

ಮತ್ತೆ ಹಲಗೆ ಹತ್ತಲು ಹೋದವಳು ತಟ್ಟನೆ ನಿಂತಳು. ಹಲಗೆಯ ಪಕ್ಕದಲ್ಲೇ ಗಾಳಿ ಹಾಕುವ ವಾಲ್ವ್! ಸೆನ್ಸರ್ ಇರುವುದೇ ಅದರ ಬುಡದಲ್ಲಿ. ತುಳಿದಿದ್ದರೆ ಪುಡಿಯಾಗಿ ಚೂರೆಲ್ಲ ಒಳಗೆ ಬೀಳುತ್ತಿತ್ತು.

'ಓ... ಇದನ್ನೇ ಹೇಳೋಕೆ ಬಂದ್ರಾ?'

ಹಲಗೆಯನ್ನು ಎದುರು ಬದಿಗೆ ಇಟ್ಟಳು. ತುಳಿದಳು. ಕುಣಿದಳು. ಟೈರು ಉಡದ ಪಟ್ಟು ಹಿಡಿದಿತ್ತು.

ಅಣ್ಣ ಬಾಗಿಲಲ್ಲಿ ನಿಂತು ನಕ್ಕ. "ಮೇಷ್ಟ್ರು ಬೆಳಿಗ್ಗೆನೇ ಹೇಳಿದ್ರು, ಇದು ಇವಳ ಕೈಲಾಗಲ್ಲ ಅಂತ."

ಅವಳ ಮೈ ಉರಿದುಹೋಯಿತು. ಮೆಟ್ಟಿಲು ಹಾರಿ ಹತ್ತಿ ಬಾಗಿಲು ಬಡಿದಳು.

"ನನ್ನ ಕೈಲಾಗಲ್ಲ ಅಂದ್ರಂತೆ?"

ಅವನು ಗಾಬರಿಯಾದ. "ಇಲ್ಲಪ್ಪಾ! ಒಬ್ಬರ ಕೈಲಾಗಲ್ಲ ಅಂದೆ. ಯಾರೇ ಆಗ್ಲಿ! ಮುಂಚೆ ಇದ್ದ ನನ್ನ ಕಾರಿಂದು ಬದಲಾಯಿಸೋಕೆ ಒಬ್ಬನೇ ಹೋಗಿ ಹೊಸ ಸೆನ್ಸರನ್ನೇ ಮುರಿದು ಹಾಕಿದವನು ನಾನು..."

ಅವಳ ಸಿಟ್ಟು ಜರ್ರನೆ ಇಳಿಯಿತು. ಮಾತು ಮಾತ್ರ ಬಿಗಿಯಾಗಿಯೇ ಬಂತು.

"ಹಾಗಾದ್ರೆ ಇನ್ನೊಬ್ಬರು ಎಲ್ಲಿದ್ದಾರೆ?"

"ನೀವು ಕರೆದ್ರೆ ಬರ್ತೀನಿ. ನನ್ನ ತೂಕ ಅಷ್ಟೇ ಕೊಡ್ತೀನಿ, ಬುದ್ಧಿ ಹೇಳಲ್ಲ."

ನಗು ಬಂದೇಬಿಟ್ಟಿತು ಅವಳಿಗೆ!

ಚಿಕ್ಕ ಹಲಗೆ. ಇಬ್ಬರೂ ನಿಂತಾಗ ಭುಜಕ್ಕೆ ಭುಜ ತಾಗಿತು. ಬೀಳದಿರಲು ಅವನ ತೋಳು ಹಿಡಿದಳು. ಎಷ್ಟೋ ಜನರ ಕೈ ಹಿಡಿದು ನಡೆಸಿದವಳಿಗೆ ಈ ತೋಳು ಹಿಡಿದಾಗ ಮಾತ್ರ ಎದೆ ಡವಡವ ಎಂದಿತು...

ಠಪ್! ಅಂಚು ಬಿಟ್ಟುಕೊಂಡಿತು.

ಮುಂದಿನದೆಲ್ಲ ಅವಳೇ ಮಾಡಿದಳು. ಹಳೆಯ ಸೆನ್ಸರ್ ತೆಗೆದು ಹೊಸದನ್ನು ಕೂರಿಸಿದಳು, ಗಾಳಿ ತುಂಬಿದಳು, ಚಕ್ರ ಹಾಕಿ ನಟ್ಟು ಬಿಗಿದಳು. ಅವಳು ಕೇಳಿದಾಗ ಅವನು ಸ್ಪ್ಯಾನರ್ ಕೊಟ್ಟ. ಬುದ್ಧಿ ಮಾತ್ರ ಹೇಳಲಿಲ್ಲ.

ಆದರೂ ದೀಪ ಆರಲಿಲ್ಲ.

"ಮುಗೀತಲ್ಲ, ಕೊಡು ಕೀ," ಅಣ್ಣ ಕೈಚಾಚಿದ.

"ಸ್ವಲ್ಪ ದೂರ ಓಡಿಸಿದ್ರೆ ಆರುತ್ತೆ. ಆರದಿದ್ರೂ ಕೀ ಕೊಡಲ್ಲ ಅಣ್ಣಾ. ಕಾರು ನಂದು, ಕೆಲಸ ನಂದು. ಸಂಜೆ ಗಡುವು ಹಾಕೋಕೆ ನೀನ್ಯಾರು?"

ಅಣ್ಣನ ಚಾಚಿದ ಕೈ ಕೆಳಗಿಳಿಯಿತು. ಒಳಗಿಂದ ಅಮ್ಮನ ದನಿ ಬಂತು: "ಬಲ್ಬ್ ಹಾಕೋಕೂ ಅವಳನ್ನೇ ಕರೀತೀಯ, ಸುಮ್ನೆ ಬಾರೋ ಒಳಗೆ!"

ಅವಳು ಕಾರು ತಿರುಗಿಸಿದಳು. ಪಕ್ಕದ ಬಾಗಿಲು ತೆರೆದು ಮೇಷ್ಟ್ರ ಮುಖ ನೋಡಿದಳು. "ಹತ್ತಿ."

ಊರಾಚೆಯ ರಸ್ತೆಯಲ್ಲಿ ಹಳದಿ ದೀಪ ಆರಿತು. ಅವಳು ಕಾರನ್ನು ಬದಿಗೆ ನಿಲ್ಲಿಸಿದಳು. ಕಣ್ಣು ತುಂಬಿ ಬಂದಿತ್ತು.

"ಆ ಗಂಡಿನ ಮನೆಯವರನ್ನ ಗೇಟ್ ತನಕ ಬಿಟ್ಟು ಬಂದ್ರಲ್ಲ... ಅವತ್ತು ನಾನು ಮೆಟ್ಟಿಲ ಮೇಲಿದ್ದೆ," ಅವನು ಮೆಲ್ಲಗೆ ಅಂದ. "ಅವತ್ತಿಂದ ನೀವಂದ್ರೆ ನನಗೆ... ತುಂಬಾ ಇಷ್ಟ."

"ಮತ್ತೆ ಹೇಳ್ಬಾರ್ದಿತ್ತಾ?"

"ಆಗ ತಾನೇ ಒಬ್ಬನನ್ನ ಓಡ್ಸಿದ್ರಿ. ಹಿಂದೇನೇ ಸಾಲು ನಿಲ್ಲೋಕೆ ಧೈರ್ಯ ಬರ್ಲಿಲ್ಲ."

ಅವಳು ಕಣ್ಣೊರೆಸಿಕೊಂಡಳು. "ನಾನು ಕೆಲಸ ಬಿಡಲ್ಲ. ತಿರುಗಾಟ ಬಿಡಲ್ಲ. ಯಾರಿಗೂ ಹೆದರಲ್ಲ."

"ಬಿಡಿ ಅಂತ ಯಾರಂದ್ರು?"

"ಮತ್ತೆ ನಿಮಗೇನು ಬೇಕು?"

"ಬೆಳಿಗ್ಗೆ ಹೊರಡುವಾಗ ಒಂದ್ಸಲ ತಲೆಯೆತ್ತಿ ಮಹಡಿ ಕಡೆ ನೋಡಿ. ಅಷ್ಟು ಸಾಕು."

"ನೋಡಲ್ಲ!"

ಅವನ ಮುಖ ಬಾಡಿತು. ಅವಳು ಅವನ ಮಸಿ ಹತ್ತಿದ ಕೈಯನ್ನು ತನ್ನ ಮಸಿ ಹತ್ತಿದ ಕೈಯೊಳಗೆ ತೆಗೆದುಕೊಂಡಳು.

"ಅಷ್ಟು ಮೇಲೆ ಯಾಕೆ ನಿಂತಿರ್ತೀರಾ? ಕೆಳಗೆ ಬನ್ನಿ. ಶಾಲೆ ತನಕ ನಾನೇ ಬಿಡ್ತೀನಿ."