ಪೋಲೆಂಡ್ ಚಿಕ್ಕಿಯ ಬುತ್ತಿ

ಏಳು ಬೆಟ್ಟ, ಏಳು ಸಮುದ್ರ ದಾಟಿ ಒಬ್ಬಳು ರಾಣಿ ಗಂಡನ ಊರಿಗೆ ಬಂದಳಂತೆ. ಬರುವಾಗಲೇ ಬಸುರಿಯಂತೆ. ಅರಮನೆಯಲ್ಲಿ ಬಗೆಬಗೆಯ ಅಡುಗೆ. ಆದರೂ ರಾಣಿಗೆ ಒಂದು ತುತ್ತೂ ಇಳಿಯದಂತೆ.

“ಯಾಕಜ್ಜಿ?” ಎಂದಳು ಶೋಭಿತಾ.

“ಅವಳಿಗೆ ಬೇರೇನೋ ಬಯಕೆ ಕಣೆ. ಬಸುರಿ ಬಯಕೆ ತೀರಿಸ್ಲಿಲ್ಲ ಅಂದ್ರೆ ಹುಟ್ಟೋ ಮಗೀಗೆ ಕಿವಿ ಸೋರ್ತದೆ. ಅದಕ್ಕೆ ರಾಜ ಏನ್ ಮಾಡ್ದ ಅಂದ್ರೆ...”

ರಾಜ ಏನು ಮಾಡಿದನೋ ಗೊತ್ತಾಗಲಿಲ್ಲ. ಸುಲೋಚನಮ್ಮಜ್ಜಿಯ ತಲೆ ಗೋಡೆಗೆ ಒರಗಿತ್ತು. ಗೊರಕೆ ಶುರುವಾಗಿತ್ತು.

ಕಾಫಿ ಕುಯ್ಲಿನ ದಿನಗಳಲ್ಲಿ ಆ ಮನೆಯಲ್ಲಿ ಯಾವ ಕತೆಯೂ ಮುಗಿಯುತ್ತಿರಲಿಲ್ಲ. ಅಪ್ಪ ಜಯಪ್ಪ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಅಮ್ಮ ಶಾಂಭವಿ ಕೂತರೆ ಏಳಲು ಗೋಡೆ ಹಿಡಿಯುತ್ತಿದ್ದಳು. ಕಣದ ತುಂಬ ಹರಡಿದ್ದ ಕಾಫಿ ಹಣ್ಣು ಮಾತ್ರ ಆರಾಮಾಗಿ ಬಿಸಿಲು ಕಾಯಿಸುತ್ತಿತ್ತು.

ಶೋಭಿತಾ ಜಗಲಿಯತ್ತ ನೋಡಿದಳು. ಮಂಚದ ಮೇಲೆ ಮಾರ್ತಾ ಚಿಕ್ಕಿ ಕಣ್ಣು ಮುಚ್ಚಿ ಮಲಗಿದ್ದಳು.

ಚಿಕ್ಕಿ ಪೋಲೆಂಡ್ ದೇಶದವಳು. ನವೀನ್ ಚಿಕ್ಕಪ್ಪ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡುವಾಗ ಅವಳನ್ನು ಮದುವೆಯಾಗಿದ್ದ. ಈಗ ಆ ಕೆಲಸ ಬಿಟ್ಟು, ತೋಟ ನೋಡಿಕೊಳ್ಳುತ್ತೇನೆಂದು ಹೆಂಡತಿಯ ಜೊತೆ ಕೊಡ್ಲಿಪೇಟೆಗೆ ವಾಪಸ್ ಬಂದಿದ್ದ. ಚಿಕ್ಕಿಯ ಹೊಟ್ಟೆಯಲ್ಲಿ ಪಾಪು ಇತ್ತು.

ಸುದ್ದಿ ತಿಳಿದದ್ದೇ ತಡ, ನೆಂಟರೆಲ್ಲ ಡಬ್ಬಿ ಹಿಡಿದು ಬಂದರು. ಹೋಳಿಗೆ, ಕಜ್ಜಾಯ, ಕಡುಬು. ಚಿಕ್ಕಿ ಎಲ್ಲರಿಗೂ ನಗುತ್ತ “ಥ್ಯಾಂಕ್ಯೂ” ಅನ್ನುವಳು. ಅವರು ಹೋದಮೇಲೆ ಬಚ್ಚಲಿಗೆ ಓಡಿ ವಾಂತಿ ಮಾಡುವಳು.

ಅಜ್ಜಿಗೆ ಅದೇ ಚಿಂತೆ. “ಬಸುರಿಗೆ ತವರಿಂದ ಬುತ್ತಿ ಬರ್ಬೇಕು. ಇವಳಿಗೆ ತರೋರ್ ಯಾರು? ಶಾಂಭವಿ ಬಸುರಿ ಆದಾಗ ಅವರಮ್ಮ ಹುರುಳಿ ಸಾರು ತಂದಿದ್ರು. ಅದೆಂಥಾ ಖಾರ! ನಂಗೆ ಕಣ್ಣಲ್ಲಿ ನೀರು. ಆದ್ರೂ ಬಾಯಿ ಬಿಡ್ಲಿಲ್ಲ. ತವರಿನ ಬುತ್ತೀನ ಬೇಡ ಅನ್ನೋ ಹಂಗಿಲ್ಲ.”

ಶೋಭಿತಾ ಮೆಲ್ಲಗೆ ಮಂಚದ ಹತ್ತಿರ ಹೋದಳು. ಪಕ್ಕದಲ್ಲಿದ್ದ ತಟ್ಟೆ ಹಾಗೇ ಇತ್ತು.

“ಚಿಕ್ಕಿ, ನಿಂಗೆ ಏನು ಬೇಕು? ರಿಯಲಿ ರಿಯಲಿ ಏನು ಬೇಕು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಚಿಕ್ಕಿ ಕಣ್ಣು ತೆರೆದಳು. ತುಂಬ ಹೊತ್ತು ಯೋಚಿಸಿದಳು. ಆಮೇಲೆ, ಶೋಭಿತಾಳ ಸ್ಕೂಲ್ ಇಂಗ್ಲಿಷಿಗೂ ಸಿಗುವಷ್ಟು ನಿಧಾನವಾಗಿ ಹೇಳಿದಳು.

ಅವಳ ಊರಿನಲ್ಲಿ ಆಲೂಗೆಡ್ಡೆ ಕಿತ್ತ ಮೇಲೆ ಹೊಲದಲ್ಲೇ ಬೆಂಕಿ ಹಾಕುತ್ತಾರೆ. ಬೂದಿಯೊಳಗೆ ಗೆಡ್ಡೆ ಹೂತು ಸುತ್ತ ಕೂರುತ್ತಾರೆ. ಬರೀ ಉಪ್ಪು ಹಾಕಿಕೊಂಡು ತಿನ್ನುತ್ತಾರೆ. ಕೈಯೆಲ್ಲ ಮಸಿ. ಅವಳಮ್ಮ ಆ ಮಸಿಯನ್ನು ಇವಳ ಮೂಗಿಗೂ ಹಚ್ಚಿ ನಗುತ್ತಿದ್ದಳು.

“ಅಷ್ಟೇನಾ?” ಶೋಭಿತಾಳಿಗೆ ನಗು ಬಂತು. “ನಾಳೆ ನಾನು ಮಾಡ್ಕೊಡ್ತೀನಿ. ಗಾಡ್ ಪ್ರಾಮಿಸ್!”

ಆದರೆ ಮರುದಿನ ವ್ಯಾನಿನಿಂದ ಇಳಿಯುತ್ತಿದ್ದಂತೆ ಅಮ್ಮ ಕೂಗಿದಳು. “ಯೂನಿಫಾರ್ಮ್ ಬಿಚ್ಚಿ ಬಾ ಮಗಾ, ಕಾಫಿ ಕೆದಕು. ನನ್ ಸೊಂಟ ಬಿದ್ದೋಯ್ತು.” ಕೆದಕಿ ಕೆದಕಿ ಶೋಭಿತಾ ಊಟಕ್ಕೂ ಮೊದಲೇ ನಿದ್ದೆ ಹೋದಳು.

ಅದರ ಮರುದಿನ ಮೋಡ ಕವಿಯಿತು. ಮಳೆ ಬಿದ್ದರೆ ಒಣಗಿದ್ದೆಲ್ಲ ಹಾಳು. ಎಲ್ಲರೂ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಲು ಓಡಿದರು. ಮಳೆ ಬರಲಿಲ್ಲ. ಸುಸ್ತು ಮಾತ್ರ ಬಂತು.

ಮಾರನೇ ದಿನ ಶೋಭಿತಾ ಅಜ್ಜಿಯನ್ನೇ ಕೇಳಿದಳು.

“ಆಲೂಗೆಡ್ಡೇನಾ? ಬಸುರಿಗೆ? ವಾಯು ಕಣೇ ಅದು!” ಅಜ್ಜಿ ಕಣ್ಣರಳಿಸಿದರು. “ಅದೂ ಬೂದೀಲಿ ಸುಟ್ಟಿದ್ದು! ದೂರದಿಂದ ಬಂದ ಸೊಸೆಗೆ ಸುಟ್ಟ ಗೆಡ್ಡೆ ಕೊಟ್ರು ಅಂತ ಊರೋರು ಆಡ್ಕೊಳಲ್ವಾ? ಹೋಗು, ಹೋಮ್‌ವರ್ಕ್ ಮಾಡ್ಕೊ.”

ಶೋಭಿತಾ ಹೋಮ್‌ವರ್ಕ್ ಮಾಡಲಿಲ್ಲ. ಬುಟ್ಟಿಯಿಂದ ಎರಡು ಗೆಡ್ಡೆ ತೆಗೆದು, ಬಚ್ಚಲ ಒಲೆಯಲ್ಲಿ ಧಗಧಗ ಉರಿಯುತ್ತಿದ್ದ ಬೆಂಕಿಗೆ ಎಸೆದಳು. ಹೊರತೆಗೆದಾಗ ಮೇಲೆಲ್ಲ ಇದ್ದಿಲು, ಒಳಗೆ ಹಸಿ. ಕೈ ಚುರ್ ಎಂದಿತು. ಮುಖವೆಲ್ಲ ಮಸಿಯಾಯಿತು.

ಅವಳು ಅಲ್ಲೇ ಕೂತು ಬೆರಳು ಊದಿಕೊಳ್ಳುತ್ತಿದ್ದಾಗ ಹೊರಗೆ ಜೀಪು ನಿಂತಿತು. ಚಿಕ್ಕಿಯನ್ನು ಡಾಕ್ಟರ ಬಳಿಗೆ ಕರೆದೊಯ್ದಿದ್ದ ಚಿಕ್ಕಪ್ಪ ವಾಪಸ್ ಬಂದಿದ್ದ. ಚಿಕ್ಕಿ ಸೀದಾ ಮಂಚಕ್ಕೆ ಹೋದಳು. ಚಿಕ್ಕಪ್ಪ ಅಡುಗೆಮನೆ ಬಾಗಿಲಲ್ಲಿ ಕುಸಿದು ಕೂತ.

“ತೂಕ ಇಳಿದಿದೆ ಕಣಮ್ಮ. ಹಿಂಗೇ ಆದ್ರೆ ಅಡ್ಮಿಟ್ ಮಾಡಿ ಅಂದ್ರು. ಅವಳನ್ನ ಅವರಮ್ಮನ ಹತ್ರಾನೇ ಕಳಿಸೋದು ವಾಸಿಯೇನೋ.”

“ಎಷ್ಟ್ ದಿನಕ್ಕೋ?” ಒಳಗಿದ್ದ ಅಜ್ಜಿ ಕೇಳಿದರು.

“ಗೊತ್ತಿಲ್ಲ. ಹೋದ್ರೆ ವಾಪಸ್ ಬರ್ತಾಳೋ ಇಲ್ವೋ, ಅದೂ ಗೊತ್ತಿಲ್ಲ.”

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು.

ಶೋಭಿತಾ ಓಡಿ ಬಂದು ಅಜ್ಜಿಯ ಮುಂದೆ ನಿಂತಳು. ಕೈಯಲ್ಲಿ ಕರಕಲು ಗೆಡ್ಡೆ. “ಅಜ್ಜಿ, ನೀನು ಬೇಡ ಅನ್ನೋ ಹಂಗಿಲ್ಲ!”

“ಏನೇ ಇದು ಅವತಾರ?”

“ಇದು ಚಿಕ್ಕೀ ತವರಿನ ಬುತ್ತಿ. ಅವರ ಊರಲ್ಲಿ ಅವರಮ್ಮ ಇದನ್ನೇ ಕೊಡೋದು. ತವರಿನ ಬುತ್ತೀನ ಬೇಡ ಅನ್ಬಾರ್ದು ಅಂತ ನೀನೇ ಹೇಳಿದ್ದು!”

ಅಜ್ಜಿ ಮೊಮ್ಮಗಳ ಮಸಿ ಮುಖವನ್ನೇ ನೋಡಿದರು. “ತವರೋರು ತಾನೆ ತರ್ಬೇಕು?”

“ನಾನು ತರ್ತೀನಿ. ಇವತ್ತು ನಾನೇ ಚಿಕ್ಕೀ ತವರೋಳು.”

ಅಜ್ಜಿ ನಿಟ್ಟುಸಿರು ಬಿಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದರು. “ಥೂ, ಉರಿಯೋ ಬೆಂಕೀಗೆ ಹಾಕಿದ್ರೆ ಬೇಯ್ತದೇನೆ? ನಾವು ಹಲಸಿನ ಬೀಜ ಸುಡಲ್ವಾ, ಹಂಗೆ. ಎಲ್ಲರ ಸ್ನಾನ ಮುಗೀಲಿ. ಬೆಂಕಿ ಆರ್ಲಿ. ಬಿಸಿ ಬೂದೀಲಿ ಹೂಳು. ಆಮೇಲೆ ಸುಮ್ನೆ ಕಾಯಿ.”

ಶೋಭಿತಾ ಕಾದಳು. ಅಪ್ಪನ ಸ್ನಾನ ಮುಗಿಯಿತು. ಅಮ್ಮನದು ಮುಗಿಯಿತು. ಚಿಕ್ಕಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ಅವನನ್ನು ಎಬ್ಬಿಸಿ ಕಳಿಸಬೇಕಾಯಿತು. ಕೊನೆಗೆ ಬೆಂಕಿ ಆರಿತು. ಬೂದಿಯೊಳಗೆ ಗೆಡ್ಡೆ ಹೂತು, ಅಜ್ಜಿ ಮೊಮ್ಮಗಳು ಇಬ್ಬರೂ ಒಲೆಯ ಮುಂದೆ ಆಕಳಿಸುತ್ತ ಕೂತರು. ಮೆಲ್ಲಗೆ ಒಂದು ವಾಸನೆ ಎದ್ದಿತು.

ಅಜ್ಜಿ ಗೆಡ್ಡೆಗಳನ್ನು ತಟ್ಟೆಗಿಟ್ಟು, ಪಕ್ಕದಲ್ಲಿ ಉಪ್ಪು, ಒಂದು ಚೂರು ಶುಂಠಿ ಇಟ್ಟರು. “ವಾಯೂಗೆ,” ಎಂದರು. ಮೇಲೆ ಬಿಳಿ ಬಟ್ಟೆ ಮುಚ್ಚಿದರು. ಶೋಭಿತಾ ಜಗಲಿಯತ್ತ ಹೆಜ್ಜೆ ಇಟ್ಟಾಗ ಭುಜ ಹಿಡಿದು ನಿಲ್ಲಿಸಿದರು.

“ಇಲ್ಲಿಂದಲ್ಲ. ತವರೋರು ಹಿತ್ತಲ ಕಡೆಯಿಂದ ಬರ್ತಾರಾ?”

ಶೋಭಿತಾ ಹಿತ್ತಲ ಬಾಗಿಲಿನಿಂದ ಹೊರಟು, ಕಾಫಿ ಕಣ ಸುತ್ತಿ ಮುಂದಿನ ಗೇಟಿಗೆ ಬಂದಳು. ಅಮ್ಮ ಸೊಂಟ ಹಿಡಿದುಕೊಂಡೇ ಚೊಂಬಿನಲ್ಲಿ ಕಾಲಿಗೆ ನೀರು ತಂದಳು.

“ಬನ್ನಿ ಬೀಗರೆ. ಪೋಲೆಂಡ್ ಬಸ್ಸು ಈಗ ಬಂತಾ?”

“ಹೂಂ. ಭಾರಿ ರಶ್ಶು,” ಎಂದಳು ಶೋಭಿತಾ, ಕಾಲು ತೊಳೆಯುತ್ತ.

ಚಿಕ್ಕಿಗೆ ಏನೂ ಅರ್ಥವಾಗಲಿಲ್ಲ. ಎದ್ದು ಕೂತು ಎಲ್ಲರ ಮುಖ ನೋಡಿದಳು. ಶೋಭಿತಾ ತಟ್ಟೆಯನ್ನು ಅವಳ ಮಡಿಲಿಗಿಟ್ಟು ಬಟ್ಟೆ ತೆಗೆದಳು.

ಚಿಕ್ಕಿ ಉಸಿರು ಎಳೆದುಕೊಂಡಳು. ಒಂದು ಗೆಡ್ಡೆ ಎತ್ತಿ ಎರಡು ಹೋಳು ಮಾಡಿದಳು. ಹಬೆ ಎದ್ದಿತು. ಉಪ್ಪು ಉದುರಿಸಿ ಬಾಯಿಗಿಟ್ಟಳು. ಒಂದು ತುತ್ತು ಇಳಿಯಿತು. ಇನ್ನೊಂದು ಇಳಿಯಿತು. ಚಿಕ್ಕಿ ಬಚ್ಚಲಿಗೆ ಓಡಲಿಲ್ಲ. ಎರಡನೇ ಗೆಡ್ಡೆಗೆ ಕೈ ಹಾಕಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಅಯ್ಯೋ, ಉಪ್ಪು ಜಾಸ್ತಿ ಆಯ್ತೇನೋ?” ಎಂದರು ಅಜ್ಜಿ.

“ಇಲ್ಲಜ್ಜಿ,” ಎಂದಳು ಶೋಭಿತಾ.

ಇನ್ನೂ ಒಂದು ಕೆಲಸ ಬಾಕಿ ಇತ್ತು. ಅವಳು ತಟ್ಟೆಯಲ್ಲಿದ್ದ ಸಿಪ್ಪೆಗೆ ಬೆರಳು ಒತ್ತಿ, ಚಿಕ್ಕಿಯ ಮೂಗಿನ ತುದಿಗೆ ಮೆಲ್ಲಗೆ ಮಸಿ ಹಚ್ಚಿದಳು.