ಸನ್ಯಾಸಿ ಹಕ್ಕಿಯ ತಾಯತ

ರೆಮಿಹಿಯಾ ಟೀಚರಮ್ಮನ ಮನೆಯೊಳಗೆ ಬಂದವಳೇ ಮೇಜಿನ ಮೇಲೊಂದು ಸತ್ತ ಝೇಂಕಾರಹಕ್ಕಿಯನ್ನಿಟ್ಟಳು, ಹೂವಿನ ಮಧು ಹೀರುವ ಪುಟ್ಟ ಹಕ್ಕಿ. ಒಣಗಿದ ಮೈತುಂಬ ಕೆಂಪು ದಾರ. ಕಾಡುತಾಳೆಯ ಗರಿ ಕಡಿಯಲು ಹೋಗಿ ಕಂದರಕ್ಕೆ ಬಿದ್ದು ತೀರಿಕೊಂಡ ಗಂಡ ಎಲಿಹಿಯೊನ ಜೇಬಿನಲ್ಲಿ ಸಿಕ್ಕಿದ್ದಂತೆ. ಅದು ವಶೀಕರಣದ ತಾಯತವೆಂದು ಮಾಟಗಾರರ ಊರು ಕತೆಮಾಕೊದ ಸಂತೆಗೆ ಹೋಗುವ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

"ಯಾವಳು ಇದನ್ನ ಅವನ ಜೇಬಿಗೆ ಹಾಕಿದ್ದು, ಹೇಳಿ ಟೀಚರಮ್ಮ. ಅಲ್ಲೀವರೆಗೂ ಸತ್ತವರ ಹಬ್ಬಕ್ಕೆ ಅವನ ಫೋಟೋ ಇಡಲ್ಲ."

ಫೋಟೋ ಇಡದಿದ್ದರೆ ಹಬ್ಬದ ರಾತ್ರಿ ಮರಳಿ ಬರುವ ಸತ್ತವನಿಗೆ ಮನೆಯ ದಾರಿ ತಿಳಿಯುವುದಾದರೂ ಹೇಗೆ? ಊರ ಗೋಜಲುಗಳನ್ನೆಲ್ಲ ಬಿಡಿಸುತ್ತಿದ್ದ ನಿವೃತ್ತ ಟೀಚರ್ ಒಬ್ದೂಲಿಯಾಳ ಜತೆ ಅದೇ ಮನೆಯಲ್ಲಿ ಗೆಳತಿ ನಿಕನೋರಾ ವರ್ಷಗಟ್ಟಲೆ ಬಾಳಿದ್ದಳು, ಆದರೂ ಇಂಥ ಹಟದ ದುಃಖವನ್ನು ಕಂಡಿರಲಿಲ್ಲ. ಊರಂತೂ ತೀರ್ಪು ಕೊಟ್ಟಾಗಿತ್ತು: ತಾಯತ ಮಾರುವ ಹೆನೊವೇವಾಳೇ ಅವನನ್ನು ಬುಟ್ಟಿಗೆ ಹಾಕಿಕೊಂಡವಳು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಒಬ್ದೂಲಿಯಾ ಭೂತಗನ್ನಡಿ ಹಿಡಿದಳು. ಕಂದು ಮೈ, ಕುಡುಗೋಲಿನಂತೆ ಬಾಗಿದ ಕೊಕ್ಕು, ಬಾಲದ ನಡುವೆ ಉದ್ದನೆಯ ಬಿಳಿ ಗರಿ. ಕಾಲುಗುರಿನಲ್ಲಿ ಜೇಡರ ಎಳೆ, ತಾಳೆಯ ನಾರು. ದಾರದ ಒಳಸುತ್ತಿನಲ್ಲಿ ಉದ್ದನೆಯ ಕೂದಲೊಂದು, ತುದಿಯಲ್ಲಿ ಕಪ್ಪು, ಬುಡದಲ್ಲಿ ಬಿಳಿ.

ಮರುದಿನ ರೆಮಿಹಿಯಾಳ ಜತೆ ಹೆನೊವೇವಾಳನ್ನೂ ಕರೆಸಿದಳು. ಗಂಡಸರಂತೆ ಕ್ರಾಪು ಮಾಡಿಸಿಕೊಂಡಿದ್ದ ಆಕೆ ಸರಕಿನ ಬುಟ್ಟಿಯನ್ನು ಕುಕ್ಕಿ, ಸಿಡಿಮಿಡಿಗೊಂಡೇ ಕೂತಳು.

"ಇವಳ ಬುಟ್ಟೀಲಿರೋದೆಲ್ಲ ಹಿತ್ತಲಿನ ಝೇಂಕಾರಹಕ್ಕಿಗಳು, ಹಸಿರು ಮೈ, ನೇರ ಕೊಕ್ಕು," ಎಂದಳು ಒಬ್ದೂಲಿಯಾ. "ಇದು ಸನ್ಯಾಸಿ ಹಕ್ಕಿ. ದಟ್ಟ ಕಾಡು ಬಿಟ್ಟು ಬರಲ್ಲ. ತಾಳೆಗರಿಯ ತುದೀಲಿ ಜೇಡರ ಎಳೆಯಿಂದ ಗೂಡು ಕಟ್ಟುತ್ತೆ. ಗೂಡಲ್ಲಿ ಕೂತಿದ್ದಾಗಲೇ ಇದನ್ನ ಹಿಡಿದಿದ್ದಾರೆ. ಆ ಗರಿಗಳ ಹತ್ತಿರ ಹೋಗ್ತಿದ್ದವನು ಯಾರು?"

"ಎಲಿಹಿಯೊ," ಎಂದಳು ನಿಕನೋರಾ ಮೆಲ್ಲಗೆ.

"ಅವನೇ ಮಾಡಿಕೊಂಡದ್ದು. ನೀವೆಲ್ಲ ತಲೆಕೆಳಗಾಗಿ ತಿಳಿದಿರಿ. ಈ ತಾಯತ ಮರುಳಾದವರ ಜೇಬಲ್ಲಿರಲ್ಲ ಕಣೇ, ಮರುಳು ಮಾಡಬೇಕು ಅಂದ್ಕೊಂಡವರ ಜೇಬಲ್ಲಿರುತ್ತೆ."

ಹೆನೊವೇವಾ ಹೌದೆಂದಳು. ಬೇಕಾದವರ ತಲೆಗೂದಲು ಸುತ್ತಿ ತಾನೇ ಇಟ್ಟುಕೊಳ್ಳಬೇಕು, ಅದೇ ಪದ್ಧತಿ.

"ಹಾಗಾದ್ರೆ ಅವನಿಗೆ ಬೇಕಾಗಿದ್ದವಳು ಯಾರು?" ಎಂದು ರೆಮಿಹಿಯಾ ಕೇಳಿದಳು.

ಒಬ್ದೂಲಿಯಾ ಆ ಕೂದಲನ್ನು ಅವಳ ಜಡೆಯ ಪಕ್ಕ ಹಿಡಿದಳು. ತುದಿ ಕಪ್ಪು, ಬುಡ ಬಿಳಿ. ಕೂಸನ್ನು ಮಣ್ಣು ಮಾಡಿದ ಮೇಲೆ ನೆರೆತ ತಲೆ ಅದು. ಅಂದಿನಿಂದ ಅವಳು ಗಂಡನೊಡನೆ ಒಂದು ಮಾತೂ ಆಡಿರಲಿಲ್ಲ. ದಾರವೂ ಅವಳ ಕಸೂತಿಯದೇ.

ನಿಕನೋರಾಳಿಗೆ ತಡೆಯಲಾಗದೆ ಅಳು ಬಂತು. ರೆಮಿಹಿಯಾ ಅಳಲಿಲ್ಲ. ಹಕ್ಕಿಯನ್ನು ಬೊಗಸೆಯಲ್ಲಿ ತೆಗೆದುಕೊಂಡು ಬಗ್ಗಿದಳು.

"ಮಂಕೇ, ಇದನ್ನ ಯಾಕೆ ಕೊಂದೆ? ನಾನು ಪಕ್ಕದಲ್ಲೇ ಮಲಗಿದ್ದೆನಲ್ಲ, ಒಂದ್ಸಲ ಕರೀಬಾರದಿತ್ತಾ?"