ಕೌಬಾಯ್ ಹಾಡಿನ ಕೊನೆಯ ಕೂಗು

ಅಲ್ ಬರ್ಷಾದ ನಮ್ಮ ಫ್ಲ್ಯಾಟಿನಲ್ಲಿ ಕೂತು ನಾನು ಹಳೆಯ ಗ್ರಾಮಫೋನ್ ತಟ್ಟೆಗಳ ಹಾಡುಗಳನ್ನು ಗರಗರ ಸದ್ದು ತೆಗೆದು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಅಬುಧಾಬಿಯ ಬದ್ರುದ್ದೀನ್ ಸಾಹೇಬರು ಒಬ್ಬ ಅಮೆರಿಕನ್ ಕೌಬಾಯ್ ಗಾಯಕನ ತಟ್ಟೆ ಕೊಟ್ಟಿದ್ದರು. ತಾನೇ ಹಾಡು ಕಟ್ಟಿ ಹಾಡುತ್ತಿದ್ದ ಅವನು ಸಾಯುವ ಮುಂಚೆ ಮುದ್ರಿಸಿದ ಕಡೆಯ ಹಾಡಂತೆ ಅದು. ಕೊನೆಯಲ್ಲಿ, ದಾರಿ ತಪ್ಪಿದ ಜೊತೆಗಾರನನ್ನು "ಹೋ...ಯ್" ಎಂದು ಒಂದೇ ಸಲ ಕೂಗುತ್ತಾನೆ. ಆ ಕೂಗಿನ ಹಿಂದಿನ ಗರಗರ ಮಾತ್ರ ಹೋಗಲೊಲ್ಲದು. ಸೋತು ಬಿಡುವ ಜಾಯಮಾನ ನನ್ನದಲ್ಲ. ಮಧ್ಯಾಹ್ನದವರೆಗೂ ಮತ್ತೆ ಮತ್ತೆ ಹಾಕಿದೆ.

ಒಮ್ಮೆ ಕೂಗು ಸ್ಪೀಕರಿನಿಂದಲ್ಲ, ನನ್ನ ಬೆನ್ನ ಹಿಂದಿನಿಂದ ಬಂತು. ಅಭ್ಯಾಸಬಲದಿಂದ "ಓ" ಎಂದುಬಿಟ್ಟೆ.

"ಒಂದೇ ಸಲ ಕರೆದ್ರೆ ಓ ಅನ್ಬಾರ್ದೂಂತ ಗೊತ್ತಿಲ್ವಾ ನಿಮ್ಗೆ?" ಅಡುಗೆಮನೆಯಿಂದ ಹೆಂಡತಿ ರಾಜೀವಿ ಗದರಿದಳು.

ಕೋಣೆಯಲ್ಲಿ ಬೆವೆತ ಕುದುರೆಯ ವಾಸನೆ. ಹಟಕ್ಕೆ ಬಿದ್ದು ಮತ್ತೆ ಹಾಕಿದೆ. ಗರಗರ ಪೂರ್ತಿ ಹೋಗಿತ್ತು. ಕೂಗಿನ ಬೆನ್ನಿಗೇ, ಬಲು ದೂರದಿಂದ, ನನ್ನದೇ ದನಿ "ಓ" ಎಂದಿತು. ನಾನು ಮೈಕು ಹಾಕಿಯೇ ಇರಲಿಲ್ಲ.

ಅದೇ ಹಾಡಿನ ಇನ್ನೊಂದು ತಟ್ಟೆ ಬದ್ರುದ್ದೀನ್ ಸಾಹೇಬರ ಕಪಾಟಿನಲ್ಲಿತ್ತು. ಫೋನ್ ಮಾಡಿ, ಏನೂ ಹೇಳದೆ, ಅದನ್ನೊಮ್ಮೆ ಹಾಕಿ ಕೇಳಿ ಎಂದೆ.

ಹಾಡು ಮುಗಿದ ಮೇಲೆ ಅವರು ಮುಳ್ಳನ್ನು ಹಿಂದಕ್ಕಿಟ್ಟು ಕೊನೆಯ ಕೂಗನ್ನು ಇನ್ನೊಮ್ಮೆ ಕೇಳಿದರು.

"ಕೊರಗಪ್ಪಣ್ಣ, ಕಡೆಗೆ ಓ ಅಂದದ್ದು ನೀವಲ್ವಾ?"